‘ದಿ ಫ್ಯಾಂಟಮ್ ಮೆನೇಸ್’: ಒಂದು ಪೂರ್ವಕಥೆ, ಎರಡು ತಲೆಮಾರು, ಮುಗಿಯದ ವಾದ

1999ರ ಮೇ 19ರಂದು ಅಮೆರಿಕದಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್: ಎಪಿಸೋಡ್ 1 – ದಿ ಫ್ಯಾಂಟಮ್ ಮೆನೇಸ್’ ಎರಡು ಕಾರಣಗಳಿಗಾಗಿ ಹಾಲಿವುಡ್ ಇತಿಹಾಸದಲ್ಲಿ ಉಳಿದುಕೊಂಡಿದೆ. ಒಂದು ಚಿತ್ರಕ್ಕಾಗಿ ಜನ ಅಷ್ಟೊಂದು ಆತುರದಿಂದ ಕಾದ ನಿದರ್ಶನ ವಿರಳ. ಬಿಡುಗಡೆಯಾದ ಬಳಿಕ ತನ್ನ ಅಭಿಮಾನಿಗಳನ್ನೇ ಅಷ್ಟು ತೀವ್ರವಾಗಿ ಎರಡು ಪಾಳಯಗಳಾಗಿ ಒಡೆದ ನಿದರ್ಶನವೂ ವಿರಳ. ಮೆಚ್ಚಿದವರು ಅದನ್ನು ಹೊಸ ಲೋಕದ ಹೆಬ್ಬಾಗಿಲು ಎಂದರು. ಒಪ್ಪದವರು ತಮ್ಮ ಬಾಲ್ಯಕ್ಕೆ ಬಗೆದ ದ್ರೋಹ ಎಂದರು.

ಚಿತ್ರ ಬಂದು ಕಾಲು ಶತಮಾನ ಕಳೆದರೂ ಈ ವಾದ ಪೂರ್ತಿ ತಣ್ಣಗಾಗಿಲ್ಲ. ಮೇಲ್ನೋಟಕ್ಕೆ ಇದು ಚಿತ್ರ ಚೆನ್ನಾಗಿದೆಯೇ ಇಲ್ಲವೇ ಎಂಬ ಜಗಳ. ಒಳಹೊಕ್ಕು ನೋಡಿದರೆ, ಬಹುಜನರು ಪ್ರೀತಿಸಿದ ಒಂದು ಕಥೆ ಯಾರ ಸ್ವತ್ತು, ಅದು ಯಾರಿಗಾಗಿ ಮುಂದುವರಿಯಬೇಕು ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆಯಾಗಿದೆ. ಈ ಜಗಳದ ಬೆಲೆಯನ್ನು ತೆತ್ತವರಲ್ಲಿ, ಅದಕ್ಕೆ ಕಾರಣರೇ ಅಲ್ಲದ ಒಬ್ಬ ಯುವನಟ ಮತ್ತು ಒಬ್ಬ ಬಾಲಕ ಸೇರಿದ್ದಾರೆ ಎಂಬುದು ಗಮನಿಸಬೇಕಾದ ಸಂಗತಿ.

ನಾಲ್ಕರಿಂದ ಆರಂಭವಾದ ಕಥೆ

ಒಂದು ಕಥೆ ಜನಪ್ರಿಯವಾದ ಬಳಿಕ, ಅದಕ್ಕಿಂತ ಹಿಂದೆ ನಡೆದದ್ದನ್ನು ಹೇಳುವ ಚಿತ್ರವನ್ನು ‘ಪ್ರೀಕ್ವೆಲ್’ ಅಥವಾ ಪೂರ್ವಕಥೆ ಎನ್ನುತ್ತಾರೆ. 2022ರ ‘ಕಾಂತಾರ’ದ ನಂತರ, ಅದಕ್ಕೂ ಹಿಂದಿನ ಕಾಲದ ಕಥೆಯುಳ್ಳ ‘ಕಾಂತಾರ ಚಾಪ್ಟರ್ 1’ 2025ರಲ್ಲಿ ತೆರೆಗೆ ಬಂದ ಮೇಲೆ ಕನ್ನಡ ಪ್ರೇಕ್ಷಕರಿಗೂ ಈ ಪದ ಅಪರಿಚಿತವಾಗಿ ಉಳಿದಿಲ್ಲ.

ಜಾರ್ಜ್ ಲೂಕಸ್ ನಿರ್ದೇಶನದ ಮೊದಲ ‘ಸ್ಟಾರ್ ವಾರ್ಸ್’ ತೆರೆಕಂಡದ್ದು 1977ರ ಮೇ 25ರಂದು. ಆಗ ಅದಕ್ಕೆ ಯಾವ ಸಂಖ್ಯೆಯೂ ಇರಲಿಲ್ಲ. 1980ರಲ್ಲಿ ಬಂದ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರದ ಆರಂಭದಲ್ಲಿ ‘ಎಪಿಸೋಡ್ 5’ ಎಂಬ ಅಕ್ಷರಗಳು ಕಂಡಾಗ ಪ್ರೇಕ್ಷಕರು ಅಚ್ಚರಿಪಟ್ಟರು. 1981ರಲ್ಲಿ ಮೊದಲ ಚಿತ್ರವನ್ನು ಮರುಬಿಡುಗಡೆ ಮಾಡಿದಾಗ ಅದಕ್ಕೂ ‘ಎಪಿಸೋಡ್ 4 – ಎ ನ್ಯೂ ಹೋಪ್’ ಎಂಬ ಹೆಸರು ಸೇರಿಸಲಾಯಿತು. 1983ರ ‘ರಿಟರ್ನ್ ಆಫ್ ದಿ ಜೆಡೈ’ ಆರನೆಯದಾಯಿತು. ಹಾಗಾದರೆ ಒಂದು, ಎರಡು, ಮೂರು ಎಲ್ಲಿ? ಈ ಪ್ರಶ್ನೆಯನ್ನು ಹೊತ್ತು ಒಂದಿಡೀ ತಲೆಮಾರು ಬೆಳೆಯಿತು.

ಉತ್ತರದ ಹೊರರೇಖೆ ಎಲ್ಲರಿಗೂ ಗೊತ್ತಿತ್ತು. ಕಪ್ಪು ಮುಖವಾಡದ ಖಳನಾಯಕ ಡಾರ್ಥ್ ವೇಡರ್ ಒಂದು ಕಾಲಕ್ಕೆ ಅನಾಕಿನ್ ಸ್ಕೈವಾಕರ್ ಎಂಬ ಸಜ್ಜನ ಯೋಧನಾಗಿದ್ದ. ಗುರು ಓಬಿ-ವಾನ್ ಕೆನೋಬಿಯ ಶಿಷ್ಯನಾಗಿದ್ದವನು ಕೇಡಿನ ಹಾದಿ ಹಿಡಿದ. ಅದು ಹೇಗೆ ಘಟಿಸಿತು ಎಂಬುದನ್ನು ಮಾತ್ರ ಯಾರೂ ತೆರೆಯ ಮೇಲೆ ಕಂಡಿರಲಿಲ್ಲ. ‘ರಿಟರ್ನ್ ಆಫ್ ದಿ ಜೆಡೈ’ ಮತ್ತು ‘ದಿ ಫ್ಯಾಂಟಮ್ ಮೆನೇಸ್’ ನಡುವೆ 16 ವರ್ಷಗಳ ಅಂತರವಿದೆ. ಅಷ್ಟೂ ಕಾಲ ಆ ಖಾಲಿ ಜಾಗವನ್ನು ಅಭಿಮಾನಿಗಳು ತಮ್ಮ ಕಲ್ಪನೆಯಿಂದಲೇ ತುಂಬಿಕೊಂಡಿದ್ದರು. ಪ್ರತಿಯೊಬ್ಬನ ಮನಸ್ಸಿನಲ್ಲೂ ಅವನದೇ ಆದ ‘ಎಪಿಸೋಡ್ 1’ ಸಿದ್ಧವಾಗಿತ್ತು. ಲೂಕಸ್ ಪೈಪೋಟಿ ನಡೆಸಬೇಕಾಗಿ ಬಂದದ್ದು ಆ ಲಕ್ಷಾಂತರ ಕಲ್ಪನೆಗಳೊಡನೆ.

ಅಸಮಾಧಾನದ ಮೊದಲ ಕಿಡಿ 1997ರಲ್ಲೇ ಹೊತ್ತಿತ್ತು. ಆ ವರ್ಷ ಹಳೆಯ ಮೂರೂ ಚಿತ್ರಗಳನ್ನು ಹೊಸ ಕಂಪ್ಯೂಟರ್ ದೃಶ್ಯಗಳೊಂದಿಗೆ ‘ಸ್ಪೆಷಲ್ ಎಡಿಷನ್’ ಎಂದು ಮರುಬಿಡುಗಡೆ ಮಾಡಲಾಯಿತು. ಮೊದಲ ಚಿತ್ರದ ಒಂದು ದೃಶ್ಯದಲ್ಲಿ ಕಳ್ಳಸಾಗಣೆದಾರ ಹ್ಯಾನ್ ಸೋಲೋ, ತನ್ನನ್ನು ಹಿಡಿಯಲು ಬಂದ ಗ್ರೀಡೋನನ್ನು ಗುಂಡಿಕ್ಕಿ ಕೊಲ್ಲುತ್ತಾನೆ. ಹೊಸ ಆವೃತ್ತಿಯಲ್ಲಿ ಗ್ರೀಡೋ ಮೊದಲು ಗುಂಡು ಹಾರಿಸುವಂತೆ ಬದಲಾಯಿಸಲಾಗಿತ್ತು. ಕೆಲವೇ ಕ್ಷಣಗಳ ಈ ತಿದ್ದುಪಡಿ ಅಭಿಮಾನಿಗಳಲ್ಲಿ ದೊಡ್ಡ ಗುಲ್ಲೆಬ್ಬಿಸಿತು. ಕೃತಿಯನ್ನು ತಿದ್ದುವ ಹಕ್ಕು ಕರ್ತೃವಿಗೆ ಎಲ್ಲಿಯವರೆಗೆ ಇದೆ ಎಂಬ ವಾದ ಅಲ್ಲಿಂದಲೇ ಮೊದಲಾಯಿತು.

ಕಾತರದ ದಿನಗಳು

ಹೊಸ ಚಿತ್ರದ ಮೊದಲ ಟ್ರೇಲರ್ ಅಮೆರಿಕದ ಚಿತ್ರಮಂದಿರಗಳಿಗೆ ಬಂದದ್ದು 1998ರ ನವೆಂಬರ್‌ನಲ್ಲಿ. ‘ಮೀಟ್ ಜೋ ಬ್ಲ್ಯಾಕ್’ ಮುಂತಾದ ಚಿತ್ರಗಳಿಗೆ ಟಿಕೆಟ್ ಕೊಂಡು ಒಳಹೊಕ್ಕ ಅನೇಕರು, ಟ್ರೇಲರ್ ಮುಗಿದ ಕೂಡಲೇ ಎದ್ದು ಹೊರನಡೆದರು. ಅವರು ಪೂರ್ಣ ಟಿಕೆಟ್ ಹಣ ಕೊಟ್ಟದ್ದು ಎರಡು ನಿಮಿಷದ ತುಣುಕಿಗಾಗಿ ಮಾತ್ರ. 1999ರ ಮಾರ್ಚ್‌ನಲ್ಲಿ ಎರಡನೆಯ ಟ್ರೇಲರ್ ಬಂದಾಗ ಅಂತರ್ಜಾಲ ಇನ್ನೂ ಎಳೆಯದು. ಟೆಲಿಫೋನ್ ತಂತಿಯ ನಿಧಾನಗತಿಯ ಸಂಪರ್ಕದಲ್ಲಿ ಗಂಟೆಗಟ್ಟಲೆ ಕಾದು ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡವರ ಸಂಖ್ಯೆ ದೊಡ್ಡದಿತ್ತು.

ಹಾಲಿವುಡ್‌ನ ಪ್ರಸಿದ್ಧ ಚೈನೀಸ್ ಥಿಯೇಟರ್ ಮುಂದೆ ಬಿಡುಗಡೆಗೆ ವಾರಗಟ್ಟಲೆ ಮೊದಲೇ ಅಭಿಮಾನಿಗಳ ಸಾಲು ಬೆಳೆಯಿತು. ಮೇ 3ರ ಮಧ್ಯರಾತ್ರಿ ಚಿತ್ರದ ಆಟಿಕೆಗಳು ಅಂಗಡಿಗೆ ಬಂದಾಗ, ಮಕ್ಕಳಿಗಿಂತ ಹೆಚ್ಚಾಗಿ ಮೂವತ್ತು ದಾಟಿದವರೇ ಬಾಗಿಲಲ್ಲಿ ನಿಂತಿದ್ದರು. 1977ರಲ್ಲಿ ಎಂಟು ಹತ್ತು ವರ್ಷದವರಾಗಿದ್ದ ಮಕ್ಕಳು ಇವರೇ. ಆಗ ಅಪ್ಪನ ಕೈಹಿಡಿದು ಬಂದವರು ಈಗ ತಮ್ಮ ಸಂಬಳದ ಹಣದಲ್ಲಿ ಟಿಕೆಟ್ ಕೊಂಡಿದ್ದರು. ಅವರು ಕಾದದ್ದು ಒಂದು ಹೊಸ ಚಿತ್ರಕ್ಕಾಗಿ ಎನ್ನುವುದಕ್ಕಿಂತ, ತಮ್ಮ ಎಂಟನೆಯ ವಯಸ್ಸು ಮರಳಿ ಬರಲೆಂದು ಎನ್ನುವುದೇ ಹೆಚ್ಚು ಸರಿ.

ಕಥಾಸಾರ

ವ್ಯಾಪಾರ ಮಾರ್ಗಗಳ ಮೇಲಿನ ತೆರಿಗೆಯ ವಿವಾದವೊಂದು ನಬೂ ಎಂಬ ಶಾಂತ ಗ್ರಹದ ಮುತ್ತಿಗೆಗೆ ಕಾರಣವಾಗುತ್ತದೆ. ಸಂಧಾನಕ್ಕೆ ಬಂದ ಜೆಡೈ ಗುರು ಕ್ವೈ-ಗಾನ್ ಜಿನ್ ಮತ್ತು ಅವನ ಶಿಷ್ಯ ಓಬಿ-ವಾನ್, ನಬೂವಿನ ರಾಣಿ ಪದ್ಮೆ ಅಮಿಡಾಲಾಳನ್ನು ಪಾರುಮಾಡುತ್ತಾರೆ. ದಾರಿಯಲ್ಲಿ ಜಾರ್ ಜಾರ್ ಬಿಂಕ್ಸ್ ಎಂಬ ಗುಂಗನ್ ಜನಾಂಗದ ವಿಚಿತ್ರಜೀವಿ ಅವರ ಬೆನ್ನು ಹತ್ತುತ್ತದೆ. ನೌಕೆ ಕೆಟ್ಟು ಟಾಟೂಯಿನ್ ಎಂಬ ಮರುಭೂಮಿ ಗ್ರಹದಲ್ಲಿ ಇಳಿದಾಗ, ತಾಯಿಯೊಡನೆ ಗುಲಾಮಗಿರಿಯಲ್ಲಿರುವ ಒಂಬತ್ತರ ಹುಡುಗ ಅನಾಕಿನ್ ಸಿಗುತ್ತಾನೆ. ಪಾಡ್ ಓಟದ ಸ್ಪರ್ಧೆಯಲ್ಲಿ ಗೆದ್ದು ಹುಡುಗ ಬಿಡುಗಡೆ ಪಡೆಯುತ್ತಾನೆ. ತಾಯಿ ಅಲ್ಲೇ ಉಳಿಯುತ್ತಾಳೆ. ಅತ್ತ ರಾಜಧಾನಿಯಲ್ಲಿ, ಈ ಇಡೀ ಬಿಕ್ಕಟ್ಟನ್ನು ತೆರೆಮರೆಯಲ್ಲಿ ಹೆಣೆದ ಸೆನೆಟರ್ ಪಾಲ್ಪಟೀನ್ ಅದರ ಲಾಭ ಪಡೆದು ಗಣರಾಜ್ಯದ ಚಾನ್ಸಲರ್ ಪದವಿಗೇರುತ್ತಾನೆ. ಕೊನೆಯಲ್ಲಿ ನಬೂ ಗೆಲ್ಲುತ್ತದೆ, ಕ್ವೈ-ಗಾನ್ ಸಾಯುತ್ತಾನೆ, ಹುಡುಗನ ಹೊಣೆ ಓಬಿ-ವಾನ್ ಹೆಗಲೇರುತ್ತದೆ.

ಗೆಲುವಿನ ಮೆರವಣಿಗೆಯಲ್ಲಿ ನಿಜವಾಗಿ ಗೆದ್ದವನು ಪಾಲ್ಪಟೀನ್ ಎಂಬುದು ಹಳೆಯ ಚಿತ್ರಗಳನ್ನು ನೋಡಿದವರಿಗೆ ಮಾತ್ರ ತಿಳಿಯುತ್ತದೆ. ಪೂರ್ವಕಥೆಯ ಶಕ್ತಿ ಇಲ್ಲಿದೆ. ಅದರ ಮಿತಿಯೂ ಇಲ್ಲಿದೆ. ಅಂತ್ಯ ಎಲ್ಲರಿಗೂ ಮೊದಲೇ ಗೊತ್ತು.

ಒಪ್ಪದವರ ಆಕ್ಷೇಪಗಳು

ಮೊದಲ ದಿನದ ಪ್ರದರ್ಶನಗಳಲ್ಲಿ ಚಪ್ಪಾಳೆ, ಶಿಳ್ಳೆಗಳಿಗೆ ಕೊರತೆಯಿರಲಿಲ್ಲ. ಅಸಮಾಧಾನ ಮೂಡಿದ್ದು ನಿಧಾನವಾಗಿ. ಮೊದಲ ಬಾರಿಗೆ ಇಷ್ಟವಾಯಿತೆಂದು ತಮ್ಮನ್ನು ತಾವೇ ನಂಬಿಸಿಕೊಂಡು, ಎರಡನೆಯ ಬಾರಿಗೆ ಮೌನರಾಗಿ, ಮೂರನೆಯ ಬಾರಿಗೆ ಸಿಟ್ಟಾದವರೂ ಇದ್ದರು. ಅವರ ಆಕ್ಷೇಪಗಳನ್ನು ಮುಖ್ಯವಾಗಿ ಐದು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಜಾರ್ ಜಾರ್ ಬಿಂಕ್ಸ್. ಎಡವಿ ಬೀಳುವ, ತೊದಲು ಮಾತಿನ ಈ ಹಾಸ್ಯಪಾತ್ರ ಗಂಭೀರ ಕಥೆಗೆ ಹೊಂದದು ಎಂಬುದು ಬಹುತೇಕರ ದೂರು. ಇದಕ್ಕಿಂತ ಗುರುತರವಾದ ಇನ್ನೊಂದು ಆರೋಪವೂ ಕೇಳಿಬಂತು. ಜಾರ್ ಜಾರ್‌ನ ಮಾತಿನ ಧಾಟಿ ಕೆರಿಬಿಯನ್ ಕಪ್ಪು ಜನರನ್ನು, ವ್ಯಾಪಾರ ಒಕ್ಕೂಟದ ಮುಖ್ಯಸ್ಥರ ಉಚ್ಚಾರ ಪೂರ್ವ ಏಷ್ಯಾದವರನ್ನು, ಗುಲಾಮರ ಒಡೆಯ ವಾಟೋನ ರೂಪ ಯಹೂದಿಗಳನ್ನು ಅಣಕಿಸುವಂತಿದೆ ಎಂದು ಹಲವು ವಿಮರ್ಶಕರು ಬರೆದರು. ಲೂಕಸ್ ಇದನ್ನು ಸಾರಾಸಗಟಾಗಿ ನಿರಾಕರಿಸಿದರು.

ಎರಡನೆಯದು ‘ಮಿಡಿಕ್ಲೋರಿಯನ್’ ಪ್ರಸಂಗ. ಹಳೆಯ ಚಿತ್ರಗಳಲ್ಲಿ ‘ಫೋರ್ಸ್’ ಎಂಬುದು ಸಕಲ ಜೀವಿಗಳನ್ನೂ ಬೆಸೆಯುವ ಅಗೋಚರ ಶಕ್ತಿ, ಸಾಧನೆಯಿಂದ ಒಲಿಯುವಂಥದ್ದು. ಹೊಸ ಚಿತ್ರದಲ್ಲಿ ಕ್ವೈ-ಗಾನ್ ಹುಡುಗನ ರಕ್ತ ಪರೀಕ್ಷೆ ಮಾಡಿಸಿ, ಜೀವಕೋಶಗಳಲ್ಲಿರುವ ಸೂಕ್ಷ್ಮಜೀವಿಗಳ ಎಣಿಕೆಯಿಂದ ಅವನ ಶಕ್ತಿಯನ್ನು ಅಳೆಯುತ್ತಾನೆ. ತಪಸ್ಸಿನ ಫಲವನ್ನು ಪ್ರಯೋಗಾಲಯದ ವರದಿಗೆ ಇಳಿಸಿದಂತಾಯಿತು ಎಂದು ಹಳೆಯ ಅಭಿಮಾನಿಗಳು ನೊಂದರು. ಯಾರು ಬೇಕಾದರೂ ಜೆಡೈ ಆಗಬಹುದೆಂಬ ಬಾಲ್ಯದ ಕನಸಿಗೆ ಅದು ಬಿದ್ದ ಪೆಟ್ಟಾಗಿತ್ತು.

ಮೂರನೆಯದು ಕಥೆಯ ವಸ್ತು. ತೆರಿಗೆ, ಒಪ್ಪಂದ, ಸೆನೆಟ್ ಕಲಾಪ, ಅವಿಶ್ವಾಸ ನಿರ್ಣಯ ಇವೆಲ್ಲ ಸಾಹಸಚಿತ್ರದ ಓಟವನ್ನು ತಗ್ಗಿಸಿದವು ಎಂಬುದು ದೂರು. ನಾಲ್ಕನೆಯದು ಅನಾಕಿನ್‌ನ ವಯಸ್ಸು. ಮುಂದೆ ಘೋರ ಖಳನಾಗುವವನನ್ನು ಮುಗ್ಧ ಬಾಲಕನನ್ನಾಗಿ ತೋರಿಸಿ ಇಡೀ ಒಂದು ಚಿತ್ರವನ್ನು ವ್ಯಯಿಸಿದ್ದರಿಂದ ಮುಖ್ಯ ಕಥೆಗೆ ಜಾಗ ಕಡಿಮೆಯಾಯಿತು ಎಂದರು. ಐದನೆಯದು ಸಂಭಾಷಣೆ ಮತ್ತು ಅಭಿನಯದ ಶುಷ್ಕತೆ. ಲಿಯಾಮ್ ನೀಸನ್, ಯೂವನ್ ಮೆಕ್‌ಗ್ರೆಗರ್, ನಟಾಲಿ ಪೋರ್ಟ್‌ಮನ್ ಅವರಂಥ ಸಮರ್ಥರಿಂದಲೂ ಭಾವವಿಲ್ಲದ ಮಾತು ಆಡಿಸಲಾಗಿದೆ ಎಂಬ ಟೀಕೆ ವ್ಯಾಪಕವಾಗಿತ್ತು.

ಕಾಲವೂ ಚಿತ್ರಕ್ಕೆ ಪ್ರತಿಕೂಲವಾಗಿತ್ತು ಎನ್ನಬೇಕು. ಏಳು ವಾರ ಮೊದಲು, ಮಾರ್ಚ್ 31ರಂದು ‘ದಿ ಮೇಟ್ರಿಕ್ಸ್’ ತೆರೆಕಂಡು ಹೊಸತನದ ಕಿರೀಟವನ್ನು ತನ್ನದಾಗಿಸಿಕೊಂಡಿತ್ತು. ಮರುವರ್ಷದ ಆಸ್ಕರ್‌ನಲ್ಲಿ ‘ದಿ ಫ್ಯಾಂಟಮ್ ಮೆನೇಸ್’ ನಾಮನಿರ್ದೇಶನಗೊಂಡದ್ದು ಮೂರು ವಿಭಾಗಗಳಲ್ಲಿ: ಧ್ವನಿ, ಧ್ವನಿ ಪರಿಣಾಮ ಸಂಕಲನ ಹಾಗೂ ದೃಶ್ಯ ಪರಿಣಾಮ. ಮೂರರಲ್ಲೂ ಪ್ರಶಸ್ತಿ ‘ದಿ ಮೇಟ್ರಿಕ್ಸ್’ ಪಾಲಾಯಿತು.

ಮೆಚ್ಚಿದವರ ವಾದ

ಇದಿಷ್ಟೇ ಚಿತ್ರದ ಕಥೆಯಾಗಿದ್ದರೆ ಅದು ಎಂದೋ ಮರೆತುಹೋಗಬೇಕಿತ್ತು. ವಾಸ್ತವದಲ್ಲಿ ಬಿಡುಗಡೆಯ ಮೊದಲ ದಿನವೇ ಚಿತ್ರ 2.85 ಕೋಟಿ ಡಾಲರ್ ಗಳಿಸಿ ಆಗಿನ ದಾಖಲೆ ಮುರಿಯಿತು. ಮೊದಲ ಬಿಡುಗಡೆಯಲ್ಲಿ ವಿಶ್ವಾದ್ಯಂತ ಸುಮಾರು 92 ಕೋಟಿ ಡಾಲರ್ ಸಂಗ್ರಹಿಸಿ, 1999ರ ಅತಿ ಹೆಚ್ಚು ಗಳಿಕೆಯ ಚಿತ್ರವೆನಿಸಿತು. ಆ ಹೊತ್ತಿಗೆ ಅದಕ್ಕಿಂತ ಮುಂದಿದ್ದುದು ‘ಟೈಟಾನಿಕ್’ ಮಾತ್ರ. ಇಷ್ಟು ಜನ ಬರಿಯ ನಿರಾಸೆಗಾಗಿ ಚಿತ್ರಮಂದಿರಕ್ಕೆ ಹೋಗಿರಲಾರರು.

ವಿಮರ್ಶಕರೂ ಒಂದೇ ದನಿಯಲ್ಲಿ ಮಾತನಾಡಲಿಲ್ಲ. ಅಮೆರಿಕದ ಹೆಸರಾಂತ ವಿಮರ್ಶಕ ರೋಜರ್ ಎಬರ್ಟ್ ನಾಲ್ಕಕ್ಕೆ ಮೂರೂವರೆ ತಾರೆಗಳನ್ನು ಕೊಟ್ಟು, ಚಿತ್ರದ ದೃಶ್ಯ ಕಲ್ಪನೆಯನ್ನು ಮನಸಾರೆ ಹೊಗಳಿದರು. ಸುಮಾರು 2,000 ದೃಶ್ಯ ಪರಿಣಾಮದ ತುಣುಕುಗಳು, ನೀರಿನಡಿಯ ಗುಂಗನ್ ನಗರ, ಇಟಲಿಯ ಕಸೆರ್ಟಾ ಅರಮನೆಯಲ್ಲಿ ಚಿತ್ರೀಕರಿಸಿದ ರಾಣಿಯ ಆಸ್ಥಾನ, ಟ್ಯುನೀಷಿಯಾದ ಮರಳುಗಾಡು ಇವೆಲ್ಲ ಹಿಂದೆ ಯಾರೂ ಕಾಣದಷ್ಟು ವಿಸ್ತಾರವಾದ ಲೋಕವನ್ನು ಕಟ್ಟಿದವು. ಪಾಡ್ ಓಟದ ದೃಶ್ಯವನ್ನಂತೂ ಚಿತ್ರವನ್ನು ದ್ವೇಷಿಸುವವರೂ ಒಲ್ಲೆನೆನ್ನಲಾರರು.

ಎರಡೂ ಪಾಳಯಗಳು ಒಮ್ಮತದಿಂದ ಮೆಚ್ಚುವ ಇನ್ನೊಂದು ಭಾಗವೆಂದರೆ ಕೊನೆಯ ಖಡ್ಗಯುದ್ಧ. ಕೆಂಪು-ಕಪ್ಪು ಮುಖದ ಡಾರ್ಥ್ ಮಾಲ್ ಎರಡು ಅಲಗಿನ ಬೆಳಕಿನ ಕತ್ತಿ ಹಿಡಿದು ಇಬ್ಬರು ಜೆಡೈಗಳೊಡನೆ ಸೆಣಸುತ್ತಾನೆ. ಆ ಹೊತ್ತಿಗೆ ಕೇಳಿಬರುವ ಜಾನ್ ವಿಲಿಯಮ್ಸ್ ಅವರ ‘ಡ್ಯೂಯಲ್ ಆಫ್ ದಿ ಫೇಟ್ಸ್’ ವೃಂದಗಾನದ ಹಿಂದೆ, ನಮ್ಮ ಓದುಗರಿಗೆ ಕುತೂಹಲಕರವಾದ ಒಂದು ಸಂಗತಿಯಿದೆ. ಅದರ ಹಾಡಿನ ಭಾಷೆ ಸಂಸ್ಕೃತ. ವೇಲ್ಸ್ ನಾಡಿನ ಪ್ರಾಚೀನ ಕಾವ್ಯವೊಂದರ ಸಾಲುಗಳನ್ನು ವಿಲಿಯಮ್ಸ್ ಸಂಸ್ಕೃತಕ್ಕೆ ಮಾಡಿಸಿ, ಅದರ ಸ್ವರಗಳ ನಾದಕ್ಕೆ ಮಾರುಹೋಗಿ ಬಳಸಿಕೊಂಡರು. ಪದಗಳನ್ನು ಅರ್ಥಕ್ಕಾಗಿ ಅಲ್ಲದೆ ಧ್ವನಿಗಾಗಿ ಒಡೆದು ಜೋಡಿಸಿರುವುದರಿಂದ, ಸಂಸ್ಕೃತ ಬಲ್ಲವರ ಕಿವಿಗೂ ಅವು ಸುಲಭವಾಗಿ ಗುರುತು ಸಿಗುವುದಿಲ್ಲ.

ತಂತ್ರಜ್ಞಾನದ ದೃಷ್ಟಿಯಿಂದಲೂ ಚಿತ್ರ ಒಂದು ಮೈಲಿಗಲ್ಲು. 1999ರ ಜೂನ್ 18ರಿಂದ ಅಮೆರಿಕದ ನಾಲ್ಕು ಪರದೆಗಳಲ್ಲಿ ಇದನ್ನು ಫಿಲ್ಮ್ ರೀಲಿನ ನೆರವಿಲ್ಲದೆ ಡಿಜಿಟಲ್ ಪ್ರೊಜೆಕ್ಟರ್ ಮೂಲಕ ತೋರಿಸಲಾಯಿತು. ರೀಲು ಡಬ್ಬಗಳು ಚಿತ್ರಮಂದಿರಗಳಿಂದ ಮಾಯವಾಗುವ ಕಾಲಕ್ಕೆ ಅದು ಮುನ್ಸೂಚನೆಯಾಗಿತ್ತು. ಜಾರ್ ಜಾರ್ ಬಿಂಕ್ಸ್ ಕೂಡ, ಸಜೀವ ನಟರ ನಡುವೆ ಆದ್ಯಂತ ಓಡಾಡಿದ ಪೂರ್ಣ ಕಂಪ್ಯೂಟರ್ ನಿರ್ಮಿತ ಪಾತ್ರಗಳಲ್ಲಿ ಮೊದಲ ಸಾಲಿನದು. ಮುಂದೆ ಬೇರೆ ಚಿತ್ರಗಳಲ್ಲಿ ಜನ ಕೊಂಡಾಡಿದ ಇಂಥ ಪಾತ್ರಗಳಿಗೆ ದಾರಿ ತೋರಿಸಿದ ಪಾತ್ರವೇ ನಗೆಪಾಟಲಿಗೆ ಈಡಾದದ್ದು ವಿಪರ್ಯಾಸ.

ಕತ್ತರಿ ಹಿಡಿದ ಅಭಿಮಾನಿಗಳು

ಇಷ್ಟವಾಗದ ಚಿತ್ರವನ್ನು ಪ್ರೇಕ್ಷಕ ಸಾಮಾನ್ಯವಾಗಿ ಮರೆತುಬಿಡುತ್ತಾನೆ. ಇಲ್ಲಿ ಹಾಗಾಗಲಿಲ್ಲ. 2001ರ ವೇಳೆಗೆ ‘ದಿ ಫ್ಯಾಂಟಮ್ ಎಡಿಟ್’ ಎಂಬ ಹೆಸರಿನ ವಿಡಿಯೊ ಕ್ಯಾಸೆಟ್ ಅಮೆರಿಕದಲ್ಲಿ ಕೈಯಿಂದ ಕೈಗೆ ಸಾಗತೊಡಗಿತು. ಯಾರೋ ಮೂಲ ಚಿತ್ರದಿಂದ ಸುಮಾರು 18 ನಿಮಿಷ ಕತ್ತರಿಸಿ, ಜಾರ್ ಜಾರ್ ಚೇಷ್ಟೆಗಳನ್ನೂ ಅನಗತ್ಯವೆನಿಸಿದ ಮಾತುಗಳನ್ನೂ ತೆಗೆದು ಹೊಸದಾಗಿ ಜೋಡಿಸಿದ್ದರು. ಅದು ವೃತ್ತಿಪರ ಸಂಕಲನಕಾರ ಮೈಕ್ ಜೆ. ನಿಕೋಲ್ಸ್ ಅವರ ಕೈಚಳಕ ಎಂಬುದು ಆನಂತರ ತಿಳಿಯಿತು. ಹಕ್ಕುಸ್ವಾಮ್ಯದ ದೃಷ್ಟಿಯಿಂದ ಇದು ತಪ್ಪು. ಅಭಿಮಾನದ ದೃಷ್ಟಿಯಿಂದ ಇದೊಂದು ಹೊಸ ಅಧ್ಯಾಯ. ಪ್ರೇಕ್ಷಕ ತನಗೆ ಬೇಕಾದ ಚಿತ್ರವನ್ನು ತಾನೇ ತಯಾರಿಸಿಕೊಳ್ಳಬಲ್ಲ ಎಂಬುದನ್ನು ಅದು ತೋರಿಸಿತು.

2009ರ ಡಿಸೆಂಬರ್‌ನಲ್ಲಿ ಅಮೆರಿಕದ ‘ರೆಡ್ ಲೆಟರ್ ಮೀಡಿಯಾ’ ತಂಡ ಈ ಚಿತ್ರದ ದೋಷಗಳನ್ನು ಎಳೆಎಳೆಯಾಗಿ ಬಿಡಿಸುವ ಸುಮಾರು 70 ನಿಮಿಷದ ವಿಡಂಬನ ವಿಮರ್ಶೆಯನ್ನು ಹೊರತಂದಿತು. ಹತ್ತು ವರ್ಷ ಹಳೆಯ ಚಿತ್ರದ ಬಗ್ಗೆ ಇಷ್ಟು ದೀರ್ಘ ಟೀಕೆ ಲಕ್ಷಾಂತರ ಜನರನ್ನು ತಲುಪಿದ್ದು ಸಿಟ್ಟು ಎಷ್ಟು ಹಸಿಯಾಗಿತ್ತು ಎಂಬುದಕ್ಕೆ ಸಾಕ್ಷಿ. 2010ರಲ್ಲಿ ‘ದಿ ಪೀಪಲ್ ವರ್ಸಸ್ ಜಾರ್ಜ್ ಲೂಕಸ್’ ಎಂಬ ಸಾಕ್ಷ್ಯಚಿತ್ರವೇ ಬಂತು. ಹೆಸರೇ ಹೇಳುವಂತೆ, ಕಥೆಗಾರನನ್ನು ಕಟಕಟೆಯಲ್ಲಿ ನಿಲ್ಲಿಸಿ ಎರಡೂ ಕಡೆಯ ವಾದ ಆಲಿಸುವ ಯತ್ನವದು. 2011ರಲ್ಲಿ ಅಭಿಮಾನಿಯೊಬ್ಬ ಪ್ರಚುರಪಡಿಸಿದ ‘ಮಚೆಟಿ ಆರ್ಡರ್’ ಎಂಬ ವೀಕ್ಷಣಾ ಕ್ರಮವಂತೂ ಜಗಳವನ್ನೇ ತಪ್ಪಿಸಿತು: 4, 5, 2, 3, 6 ಹೀಗೆ ನೋಡಿ, ಒಂದನೆಯ ಭಾಗವನ್ನು ನೋಡಲೇಬೇಡಿ!

ಪಾತ್ರದ ಹಿಂದಿನ ಮನುಷ್ಯರು

ಸಿಟ್ಟು ಚಿತ್ರದ ಮೇಲಷ್ಟೇ ನಿಂತಿದ್ದರೆ ಇದು ಹರಟೆಯ ವಿಷಯವಾಗಿ ಉಳಿಯುತ್ತಿತ್ತು. ಅದು ಮನುಷ್ಯರ ಮೇಲೂ ಹರಿಯಿತು.

ಜಾರ್ ಜಾರ್ ಬಿಂಕ್ಸ್ ಪಾತ್ರಕ್ಕೆ ಚಲನೆ ಮತ್ತು ದನಿ ಕೊಟ್ಟವರು ಅಹ್ಮದ್ ಬೆಸ್ಟ್. ‘ಸ್ಟಾಂಪ್’ ಎಂಬ ತಾಳವಾದ್ಯ ರಂಗಪ್ರದರ್ಶನದಿಂದ ಬಂದ ಇಪ್ಪತ್ತರ ಹರೆಯದ ಈ ಕಲಾವಿದನಿಗೆ ಅದು ಬದುಕಿನ ದೊಡ್ಡ ಅವಕಾಶ. ಪಾತ್ರವನ್ನು ಬರೆದವರು, ರೂಪಿಸಿದವರು, ಅಂಕಿತ ಹಾಕಿದವರು ಬೇರೆಯವರು. ಆದರೆ ಕೆಟ್ಟ ಅಭಿನಯಕ್ಕೆ ಅಣಕವಾಗಿ ನೀಡುವ ‘ಗೋಲ್ಡನ್ ರಾಸ್ಪ್‌ಬೆರಿ’ ಬಿರುದು ಬಂದದ್ದು ಬೆಸ್ಟ್ ಅವರ ಹೆಸರಿಗೆ. ಮುಂದಿನ ಚಿತ್ರಗಳಲ್ಲಿ ಪಾತ್ರವನ್ನು ಮೊಟಕುಗೊಳಿಸಲಾಯಿತು. 2018ರ ಜುಲೈನಲ್ಲಿ ಬೆಸ್ಟ್ ತಮ್ಮ ಮೌನ ಮುರಿದು, ಆ ದಿನಗಳ ನಿಂದನೆ ತಮ್ಮನ್ನು ಬದುಕನ್ನೇ ಕೊನೆಗಾಣಿಸಿಕೊಳ್ಳುವ ಯೋಚನೆಯವರೆಗೆ ದೂಡಿತ್ತು ಎಂದು ಬಹಿರಂಗವಾಗಿ ಹೇಳಿಕೊಂಡರು. ಜೊತೆಯಲ್ಲಿ ಅವರು ಹಂಚಿಕೊಂಡದ್ದು, ತಾವು ಅಂದು ನಿಂತಿದ್ದ ಜಾಗದಲ್ಲಿ ತಮ್ಮ ಪುಟ್ಟ ಮಗನೊಡನೆ ನಿಂತ ಚಿತ್ರವನ್ನು. ಹತ್ತೊಂಬತ್ತು ವರ್ಷ ನಗುತ್ತ ಬಂದಿದ್ದ ಅನೇಕರಿಗೆ ಆ ನಗೆಯ ಇನ್ನೊಂದು ತುದಿಯಲ್ಲಿ ಯಾರಿದ್ದರು ಎಂಬುದು ಅಂದು ತಿಳಿಯಿತು.

ಅನಾಕಿನ್ ಪಾತ್ರದ ಜೇಕ್ ಲಾಯ್ಡ್ ಚಿತ್ರೀಕರಣದ ವೇಳೆ ಎಂಟರ ಬಾಲಕ. ಶಾಲೆಯಲ್ಲಿ ಸಹಪಾಠಿಗಳ ಗೇಲಿಯಿಂದ ತಾನು ಬಹಳ ನೊಂದಿದ್ದೆನೆಂದು ಆತ ಮುಂದೆ ಸಂದರ್ಶನದಲ್ಲಿ ಹೇಳಿದ್ದುಂಟು. 2001ರಲ್ಲಿ ಆತ ನಟನೆಯನ್ನೇ ಬಿಟ್ಟರು. ಬೆಳೆದ ಮೇಲೆ ಅವರನ್ನು ಕಾಡಿದ ಮಾನಸಿಕ ಅನಾರೋಗ್ಯಕ್ಕೆ ಚಿತ್ರದ ಟೀಕೆಯೇ ಕಾರಣವೆಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ಅದು ಸರಿಯಲ್ಲವೆಂದು ಅವರ ತಾಯಿ 2024ರಲ್ಲಿ ಸ್ಪಷ್ಟಪಡಿಸಿದ್ದಾರೆ. ಆದ್ದರಿಂದ ಎಲ್ಲ ನೋವನ್ನೂ ಅಭಿಮಾನಿಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ದೊಡ್ಡವರು ಬರೆದು ಕೊಟ್ಟ ಮಾತುಗಳನ್ನು ಒಪ್ಪಿಸಿದ ಮಗುವನ್ನು ದೇಶವೇ ನಿಂತು ಮೂದಲಿಸಿದ್ದು ಹೆಮ್ಮೆಯ ಪ್ರಸಂಗವೇನಲ್ಲ.

ಮಕ್ಕಳು ಬೆಳೆದಾಗ

1999ರಲ್ಲಿ ಚಿತ್ರಮಂದಿರದಲ್ಲಿ ಇನ್ನೊಂದು ಗುಂಪೂ ಇತ್ತು. ಅದರ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಅದು ಆರರಿಂದ ಹನ್ನೆರಡರ ವಯಸ್ಸಿನ ಮಕ್ಕಳ ಗುಂಪು. ಅವರಿಗೆ ಹೋಲಿಸಿ ನೋಡಲು ಹಳೆಯ ನೆನಪುಗಳಿರಲಿಲ್ಲ. ತಮ್ಮಷ್ಟೇ ಎತ್ತರದ ಹುಡುಗನೊಬ್ಬ ಪಾಡ್ ಓಡಿಸಿ ಗೆದ್ದದ್ದು ಅವರಿಗೆ ಸಾಕಾಗಿತ್ತು. ಜಾರ್ ಜಾರ್ ಎಡವಿ ಬಿದ್ದಾಗ ಅವರು ನಕ್ಕರು.

2002ರಲ್ಲಿ ‘ಅಟ್ಯಾಕ್ ಆಫ್ ದಿ ಕ್ಲೋನ್ಸ್’, 2005ರಲ್ಲಿ ‘ರಿವೆಂಜ್ ಆಫ್ ದಿ ಸಿತ್’ ಬಂದು ಪೂರ್ವಕಥೆ ಪೂರ್ಣಗೊಂಡಿತು. 2008ರಿಂದ ಆರಂಭವಾದ ‘ದಿ ಕ್ಲೋನ್ ವಾರ್ಸ್’ ಆನಿಮೇಷನ್ ಸರಣಿ, ಚಿತ್ರಗಳಲ್ಲಿ ಅವಸರದಿಂದ ದಾಟಿಹೋದ ಪಾತ್ರಗಳಿಗೆ ಆಳ ತಂದುಕೊಟ್ಟಿತು. ಸತ್ತನೆಂದು ತಿಳಿದಿದ್ದ ಡಾರ್ಥ್ ಮಾಲ್ ಕೂಡ ಅದರಲ್ಲಿ ಮರಳಿದ. ಆ ಮಕ್ಕಳು ಇಪ್ಪತ್ತೈದು, ಮೂವತ್ತು ದಾಟಿದಂತೆ ಅವರೂ ಮಾತನಾಡತೊಡಗಿದರು. ಹಳಬರು ನೀರಸವೆಂದಿದ್ದ ಸೆನೆಟ್ ರಾಜಕೀಯದಲ್ಲಿ ಇವರು, ಕೃತಕ ಬಿಕ್ಕಟ್ಟನ್ನು ಸೃಷ್ಟಿಸಿ ಪ್ರಜಾಪ್ರಭುತ್ವವನ್ನು ಅದರದೇ ನಿಯಮಗಳಿಂದ ಕೆಡಹುವ ಬಗೆಯನ್ನು ಕಂಡರು. ಎರಡನೆಯ ಭಾಗದಲ್ಲಿ ಚಾನ್ಸಲರ್‌ಗೆ ತುರ್ತು ಅಧಿಕಾರ ಕೊಡಬೇಕೆಂಬ ಸೂಚನೆ ಮಂಡಿಸುವುದು ಆ ಪೆದ್ದ ಜಾರ್ ಜಾರ್ ಬಿಂಕ್ಸ್ ಎಂಬುದು ಅವರಿಗೆ ಅರ್ಥಪೂರ್ಣವಾಗಿ ತೋರಿತು.

2012ರಲ್ಲಿ ಡಿಸ್ನಿ ಸಂಸ್ಥೆ ಲೂಕಸ್‌ಫಿಲ್ಮ್ ಕಂಪನಿಯನ್ನು ಸುಮಾರು 405 ಕೋಟಿ ಡಾಲರ್‌ಗಳಿಗೆ ಕೊಂಡ ಮೇಲೆ ಹೊಸ ಚಿತ್ರಗಳು ಬಂದವು. ಜೊತೆಯಲ್ಲೇ ಹಳೆಯ ಜಗಳವೂ ಹೊಸ ವೇಷದಲ್ಲಿ ಬಂತು. 2017ರ ‘ದಿ ಲಾಸ್ಟ್ ಜೆಡೈ’ ಚಿತ್ರದಲ್ಲಿ ನಟಿಸಿದ ಕೆಲ್ಲಿ ಮೇರಿ ಟ್ರಾನ್ ಜನಾಂಗೀಯ ನಿಂದನೆಗೆ ತುತ್ತಾಗಿ, 2018ರಲ್ಲಿ ಸಾಮಾಜಿಕ ಜಾಲತಾಣದಿಂದಲೇ ದೂರ ಸರಿದರು. 2022ರ ‘ಓಬಿ-ವಾನ್ ಕೆನೋಬಿ’ ಸರಣಿಯ ಮೋಸಸ್ ಇಂಗ್ರಾಮ್ ಅವರಿಗೂ ಇದೇ ಅನುಭವವಾಯಿತು. ಆದರೆ ಈ ಬಾರಿ ನಿರ್ಮಾಣ ಸಂಸ್ಥೆಯೂ ಸಹನಟ ಮೆಕ್‌ಗ್ರೆಗರ್ ಅವರೂ ಬಹಿರಂಗವಾಗಿ ಅವರ ಬೆನ್ನಿಗೆ ನಿಂತರು. 1999ರಲ್ಲಿ ಬೆಸ್ಟ್ ಅವರಿಗೆ ಸಿಗದ ಆಸರೆ ಅದು.

ಬೆಸ್ಟ್ ಅವರಿಗೂ ತಡವಾಗಿಯಾದರೂ ಒಂದು ಮನ್ನಣೆ ದೊರಕಿತು. 2019ರ ಏಪ್ರಿಲ್‌ನಲ್ಲಿ ಶಿಕಾಗೋದಲ್ಲಿ ನಡೆದ ಅಭಿಮಾನಿಗಳ ಮಹಾಮೇಳದಲ್ಲಿ, ಚಿತ್ರದ 20ನೇ ವರ್ಷದ ಗೋಷ್ಠಿಗೆ ಅವರು ವೇದಿಕೆ ಏರಿದಾಗ ಸಭಿಕರು ಎದ್ದುನಿಂತು ಚಪ್ಪಾಳೆ ತಟ್ಟಿದರು. 2023ರ ಮಾರ್ಚ್‌ನಲ್ಲಿ ‘ದಿ ಮ್ಯಾಂಡಲೋರಿಯನ್’ ಸರಣಿಯಲ್ಲಿ ಅವರು ಕೆಲ್ಲರನ್ ಬೆಕ್ ಎಂಬ ಜೆಡೈ ಆಗಿ, ಈ ಬಾರಿ ತಮ್ಮದೇ ಮುಖದಲ್ಲಿ, ತೆರೆಯ ಮೇಲೆ ಬಂದರು. ಜನರ ಮುದ್ದಿನ ಪಾತ್ರ ಗ್ರೋಗುವನ್ನು ಹತ್ಯಾಕಾಂಡದಿಂದ ಕಾಪಾಡುವವನು ಆತನೇ.

2024ರ ಮೇ ಮೊದಲ ವಾರ ‘ದಿ ಫ್ಯಾಂಟಮ್ ಮೆನೇಸ್’ 25ನೇ ವರ್ಷದ ನೆನಪಿಗೆ ಮತ್ತೆ ತೆರೆಗೆ ಬಂದಾಗ, ಹೊಸ ಚಿತ್ರಗಳ ನಡುವೆಯೂ ಆ ವಾರಾಂತ್ಯದ ಉತ್ತರ ಅಮೆರಿಕ ಗಳಿಕೆಯಲ್ಲಿ ಎರಡನೆಯ ಸ್ಥಾನ ಪಡೆಯಿತು. ಅದೇ ತಿಂಗಳು ಕಾನ್ ಚಿತ್ರೋತ್ಸವದಲ್ಲಿ ಗೌರವ ಪುರಸ್ಕಾರ ಸ್ವೀಕರಿಸಿದ ಲೂಕಸ್, ಹತ್ತರ ವಯಸ್ಸಿನಲ್ಲಿ ಮೊದಲ ಚಿತ್ರ ಕಂಡವರು ಬೆಳೆದ ಮೇಲೆ ಮಕ್ಕಳ ಚಿತ್ರವನ್ನು ಒಪ್ಪಲು ಸಿದ್ಧರಿರಲಿಲ್ಲ ಎಂಬರ್ಥದ ಮಾತುಗಳನ್ನಾಡಿದರು.

ತೀರ್ಪು ಯಾರದು?

ಲೂಕಸ್ ಅವರ ಈ ಮಾತು ಪೂರ್ಣ ಸತ್ಯವಲ್ಲ. ಮಕ್ಕಳ ಚಿತ್ರವೆಂದ ಮಾತ್ರಕ್ಕೆ ಸಡಿಲ ಸಂಭಾಷಣೆಗೆ ವಿನಾಯಿತಿ ಸಿಗುವುದಿಲ್ಲ. ಜನಾಂಗೀಯ ಅಣಕದ ಆಕ್ಷೇಪಕ್ಕೆ ಅದು ಉತ್ತರವೂ ಅಲ್ಲ. 1999ರ ಟೀಕೆಗಳಲ್ಲಿ ಹಲವು ಇಂದಿಗೂ ನಿಲ್ಲುತ್ತವೆ. ಆದರೆ ಆ ಮಾತಿನಲ್ಲಿ ಅಲ್ಲಗಳೆಯಲಾಗದ ಒಂದು ಅಂಶವಿದೆ. ಚಿತ್ರ ಬದಲಾಗಿಲ್ಲ, ನೋಡುವವರು ಬದಲಾಗಿದ್ದಾರೆ. ಅಂದು ಮೂವತ್ತರವರ ದನಿ ಜೋರಾಗಿತ್ತು. ಇಂದು ಅಂದಿನ ಎಂಟರವರು ಮೂವತ್ತು ದಾಟಿದ್ದಾರೆ. ಎರಡೂ ತಲೆಮಾರುಗಳು ತಮ್ಮ ಬಾಲ್ಯದ ಪರವಾಗಿಯೇ ಸಾಕ್ಷಿ ನುಡಿಯುತ್ತಿವೆ.

ಪೂರ್ವಕಥೆ ಹೇಳಹೊರಡುವ ಯಾವ ನಿರ್ದೇಶಕನಿಗೂ ಇದು ತಪ್ಪಿದ್ದಲ್ಲ. ಅವನು ಮುಟ್ಟುವುದು ಜನರ ನೆನಪನ್ನು. ಅದನ್ನು ತೃಪ್ತಿಪಡಿಸುವುದು ಯಾರಿಂದಲೂ ಪೂರ್ತಿ ಸಾಧ್ಯವಿಲ್ಲ. ಚಿತ್ರ ಹಿಡಿಸದಿದ್ದರೆ ಹಾಗೆಂದು ಹೇಳುವ ಹಕ್ಕು ಟಿಕೆಟ್ ಕೊಂಡವನಿಗೆ ಉಂಟು. ಆ ಹಕ್ಕು ಪಾತ್ರಧಾರಿಯ ಮನೆಬಾಗಿಲವರೆಗೆ ವಿಸ್ತರಿಸುವುದಿಲ್ಲ ಎಂಬ ಸರಳ ಸಂಗತಿಯನ್ನು ಒಪ್ಪಿಕೊಳ್ಳಲು ಈ ಅಭಿಮಾನಿ ಬಳಗಕ್ಕೆ ಇಪ್ಪತ್ತು ವರ್ಷ ಬೇಕಾಯಿತು. ಎಲ್ಲರೂ ಇನ್ನೂ ಒಪ್ಪಿಕೊಂಡಂತಿಲ್ಲ.

ಚಿತ್ರದ ವಿವರ

ನಿರ್ದೇಶನ, ಕಥೆ, ಚಿತ್ರಕಥೆ: ಜಾರ್ಜ್ ಲೂಕಸ್ (1977ರ ನಂತರ ಅವರು ನಿರ್ದೇಶಿಸಿದ ಮೊದಲ ಚಿತ್ರ)
ತಾರಾಗಣ: ಲಿಯಾಮ್ ನೀಸನ್, ಯೂವನ್ ಮೆಕ್‌ಗ್ರೆಗರ್, ನಟಾಲಿ ಪೋರ್ಟ್‌ಮನ್, ಜೇಕ್ ಲಾಯ್ಡ್, ಇಯಾನ್ ಮೆಕ್‌ಡಿಯರ್ಮಿಡ್, ಅಹ್ಮದ್ ಬೆಸ್ಟ್, ರೇ ಪಾರ್ಕ್
ಸಂಗೀತ: ಜಾನ್ ವಿಲಿಯಮ್ಸ್
ಅವಧಿ: 133 ನಿಮಿಷ
ಅಮೆರಿಕದಲ್ಲಿ ಬಿಡುಗಡೆ: 1999 ಮೇ 19
ನಿರ್ಮಾಣ ವೆಚ್ಚ: ಸುಮಾರು 11.5 ಕೋಟಿ ಡಾಲರ್
ಮರುಬಿಡುಗಡೆ: 2012ರ ಫೆಬ್ರವರಿ (3ಡಿ), 2024ರ ಮೇ
ವಿಶ್ವಾದ್ಯಂತ ಒಟ್ಟು ಗಳಿಕೆ: ಮರುಬಿಡುಗಡೆಗಳೂ ಸೇರಿ 100 ಕೋಟಿ ಡಾಲರ್‌ಗೂ ಹೆಚ್ಚು